ಲೇಖಕರ ಪಟ್ಟಿಯಲ್ಲಿ ಮೂರನೇ ಹೆಸರು ನನ್ನದು

ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದವರು ಅಸೋಸಿಯೇಟ್ ಪ್ರೊಫೆಸರ್ ಆಗಬೇಕು ಅಂದರೆ ಒಂದು ದಪ್ಪ ಫೈಲು ಸಿದ್ಧಮಾಡಬೇಕು. ವಿಶ್ವವಿದ್ಯಾಲಯಗಳಲ್ಲಿ ಇದನ್ನು ಎಲ್ಲರೂ ಸಿಎಎಸ್ (ಕೆರಿಯರ್ ಅಡ್ವಾನ್ಸ್ಮೆಂಟ್ ಸ್ಕೀಮ್, ಅಂದರೆ ಬಡ್ತಿ ಯೋಜನೆ) ಫೈಲು ಅಂತಲೇ ಕರೆಯುತ್ತಾರೆ. ನಾನು ಪರಿಸರ ವಿಜ್ಞಾನದವಳು, ಕೆರೆ ನೀರಿನ ಮೇಲೆ ಕೆಲಸ ಮಾಡುತ್ತೇನೆ. ಈ ಫೈಲು ಮಾಡುವಾಗ ಕಂಡದ್ದನ್ನೆಲ್ಲ ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಹೊಸದಾಗಿ ಪಿಎಚ್‌ಡಿಗೆ ಸೇರುವ ಮಕ್ಕಳಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ಲೇಖನ ಅಚ್ಚಾಗಿ ವರ್ಷಗಳೇ ಕಳೆದಿರುತ್ತವೆ.

ಫೈಲಿನ ಮೊದಲ ಭಾಗ ಸುಲಭ. ಎಷ್ಟು ಗಂಟೆ ಪಾಠ ಮಾಡಿದಿರಿ, ಯಾವ ರಿಫ್ರೆಶರ್ ಕೋರ್ಸಿಗೆ ಹೋಗಿದ್ದಿರಿ, ಪರೀಕ್ಷೆ ಕೆಲಸ ಏನು ಮಾಡಿದಿರಿ, ಇಷ್ಟೇ. ಟೈಮ್ ಟೇಬಲ್ಲು, ಸರ್ಟಿಫಿಕೇಟು ಲಗತ್ತಿಸಿದರೆ ಮುಗಿಯಿತು. ಕಷ್ಟ ಶುರುವಾಗುವುದು ಸಂಶೋಧನಾ ಲೇಖನಗಳ ಪುಟಕ್ಕೆ ಬಂದಾಗ. ಲೇಖನದ ಹೆಸರು, ಪತ್ರಿಕೆ, ವರ್ಷ, ಇಂಪ್ಯಾಕ್ಟ್ ಫ್ಯಾಕ್ಟರ್ (ಆ ಪತ್ರಿಕೆಯ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಅಳತೆ), ಒಟ್ಟು ಲೇಖಕರು ಎಷ್ಟು, ನೀವು ಎಷ್ಟನೆಯವರು, ಬಂದ ಅಂಕ ಎಷ್ಟು. ಕಾಲಂಗಳು ಇವಿಷ್ಟೇ. ಆ ಲೇಖನದಲ್ಲಿ ನೀವು ಮಾಡಿದ ಕೆಲಸ ಏನು ಅಂತ ಕೇಳುವ ಕಾಲಂ ಹುಡುಕಿದೆ. ಇಲ್ಲ.

ಲೆಕ್ಕ ಹೀಗೆ. 2018ರ ಯುಜಿಸಿ ನಿಯಮಾವಳಿಯ ಅನುಬಂಧದಲ್ಲಿ ಒಂದು ಕೋಷ್ಟಕ ಇದೆ. ವಿಜ್ಞಾನದವರಿಗೆ ಒಂದು ಲೇಖನಕ್ಕೆ 8 ಅಂಕ, ಭಾಷೆ, ಸಮಾಜ ವಿಜ್ಞಾನ, ವಾಣಿಜ್ಯದವರಿಗೆ 10. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಏರಿದ ಹಾಗೆ ಅಂಕವೂ ಏರುತ್ತದೆ. ಒಬ್ಬರೇ ಬರೆದಿದ್ದರೆ ಪೂರ್ತಿ ಅಂಕ. ಇಬ್ಬರಿದ್ದರೆ ಇಬ್ಬರಿಗೂ ಶೇ. 70. ಇಬ್ಬರಿಗಿಂತ ಜಾಸ್ತಿ ಇದ್ದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದ ಒಬ್ಬೊಬ್ಬರಿಗೂ ಶೇ. 30. ನನ್ನ ಹಂತಕ್ಕೆ ಕನಿಷ್ಠ 7 ಪ್ರಕಟಣೆ ಬೇಕು, ಅದರಲ್ಲಿ 3 ಮೌಲ್ಯಮಾಪನದ ಅವಧಿಯಲ್ಲೇ ಬಂದಿರಬೇಕು, ಒಟ್ಟು ಸಂಶೋಧನಾ ಅಂಕ 70 ಆಗಬೇಕು. ಆ 70 ಕೂಡ ಆರು ವಿಭಾಗಗಳ ಪೈಕಿ ಮೂರರಿಂದಲಾದರೂ ಬರಬೇಕು. ಬರೀ ಲೇಖನ ಬರೆದುಕೊಂಡು ಕೂತರೆ ಆಗುವುದಿಲ್ಲ.

ಈಗ ಒಂದು ಲೆಕ್ಕ ಹಾಕಿ ನೋಡಿ. ಇಬ್ಬರು ಸೇರಿ ಬರೆದರೆ ತಲಾ 70, ಒಟ್ಟು ಶೇ. 140. ಹತ್ತು ಜನ ಬರೆದರೆ ಒಬ್ಬರಿಗೆ 70, ಒಂಬತ್ತು ಜನಕ್ಕೆ 30ರಂತೆ 270, ಕೂಡಿದರೆ ಶೇ. 340. ಕೆಲಸ ಅದೇ, ಲೇಖನ ಒಂದೇ, ಮೂವರಾದ ಮೇಲೆ ಹೆಸರು ಸೇರಿಸಿದಷ್ಟೂ ಹಂಚುವ ಅಂಕ ಹೆಚ್ಚುತ್ತಾ ಹೋಗುತ್ತದೆ. ಆಮೇಲೆ ಮಧ್ಯದಲ್ಲಿ ಇನ್ನೊಂದು ಹೆಸರು ತೂರಿಸಿದರೆ ಮೊದಲಿದ್ದವರಿಗೆ ಒಂದು ಪೈಸೆಯೂ ನಷ್ಟ ಇಲ್ಲ. ಲೇಖಕರ ಪಟ್ಟಿ ಯಾಕೆ ಉದ್ದವಾಗುತ್ತಿದೆ ಅಂತ ಸೆಮಿನಾರುಗಳಲ್ಲಿ ಚಿಂತೆ ಮಾಡುವವರು ಮೊದಲು ಈ ಕೋಷ್ಟಕವನ್ನು ಓದಬೇಕು. ಇಂತಿಷ್ಟು ಜನ ಇದ್ದರೆ ಇಂತಿಷ್ಟು ಭಾಗ ಅಂತ ಒಂದನ್ನೇ ಸಮವಾಗಿ ಹಂಚುವ ಪದ್ಧತಿಯೂ ಇದೆ. ಅದರಲ್ಲಿ ಬೇರೆ ತೊಂದರೆಗಳಿವೆ, ಆದರೆ ಸುಮ್ನೆ ಹೆಸರು ಸೇರಿಸುವ ಆಸೆಯನ್ನಾದರೂ ಅದು ಹುಟ್ಟಿಸುವುದಿಲ್ಲ.

ನನ್ನ ಫೈಲು ಮೊದಲು ನಿಂತಿದ್ದು ಒಂದು ಅಡ್ಡಗೆರೆಯ ಹತ್ತಿರ. ನಿಯಮದಲ್ಲಿ ಮೊದಲ ಲೇಖಕ, ಪ್ರಧಾನ ಲೇಖಕ, ಕರೆಸ್ಪಾಂಡಿಂಗ್ ಆಥರ್ (ಪತ್ರಿಕೆಯ ಜೊತೆ ಪತ್ರವ್ಯವಹಾರ ನಡೆಸುವ ಲೇಖಕರು) ಅನ್ನುವ ಮೂರು ಹೆಸರುಗಳ ಮಧ್ಯೆ ಸ್ಲ್ಯಾಷ್ ಹಾಕಿದ್ದಾರೆ. ನನ್ನ ವಿದ್ಯಾರ್ಥಿನಿ ಮೊದಲ ಲೇಖಕಿ, ನಾನು ಕರೆಸ್ಪಾಂಡಿಂಗ್ ಆಥರ್ ಆಗಿರುವ ಲೇಖನಗಳಿಗೆ ನಾನು ಶೇ. 70 ಹಾಕಿಕೊಂಡಿದ್ದೆ. ಐಕ್ಯುಎಸಿ, ಅಂದರೆ ವಿಶ್ವವಿದ್ಯಾಲಯದ ಒಳಗಿನ ಗುಣಮಟ್ಟ ನೋಡುವ ವಿಭಾಗದಲ್ಲಿ ಫೈಲು ಪರಿಶೀಲಿಸುವವರು ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಕರೆಸಿದರು.

"ಮೇಡಂ, ಇಲ್ಲಿ ಸ್ಲ್ಯಾಷ್ ಇದೆ ನೋಡಿ. ಸ್ಲ್ಯಾಷ್ ಅಂದ್ರೆ 'ಅಥವಾ' ಅಂತ ತಾನೇ? ಒಬ್ಬರಿಗೇ 70 ಬರೋದು. ಮೊದಲ ಹೆಸರು ಆ ಹುಡುಗೀದು."

"ಸರ್, ಅವಳು ಅರ್ಜಿ ಹಾಕಿದಾಗ ಅವಳಿಗೂ ಕೊಡಿ, ನಂಗೂ ಕೊಡಿ. ಪ್ರಶ್ನೆ ಕೇಳಿದ್ದು ನಾನು, ವಿಮರ್ಶಕರಿಗೆ ಉತ್ತರ ಬರೆದಿದ್ದು ನಾನು, ನಾಳೆ ಯಾರಾದ್ರೂ ಡೇಟಾ ಸರಿ ಇಲ್ಲ ಅಂದ್ರೆ ಉತ್ತರ ಕೊಡಬೇಕಾದವಳೂ ನಾನೇ ಅಲ್ವಾ?"

ಅವರು ಕೆಟ್ಟವರಲ್ಲ. ತಪ್ಪು ಅಂಕ ಕೊಟ್ಟರೆ ಆಡಿಟ್‌ನಲ್ಲಿ ಕೇಳುತ್ತಾರೆ ಅನ್ನುವ ಭಯ ಅವರದ್ದು, ಅದು ನ್ಯಾಯವೇ. ಬೇರೆ ವಿಶ್ವವಿದ್ಯಾಲಯಗಳಲ್ಲಿ ಏನು ಮಾಡಿದ್ದಾರೆ ಅಂತ ಪತ್ರ ಬರೆದು ಕೇಳಿದರು. ಒಂದು ಕಡೆ ಇಬ್ಬರಿಗೂ 70, ಇನ್ನೊಂದು ಕಡೆ ಒಬ್ಬರಿಗೆ ಮಾತ್ರ. ಕೊನೆಗೆ ನಮ್ಮಲ್ಲಿ ಇಬ್ಬರಿಗೂ ಅಂತ ತೀರ್ಮಾನವಾಯಿತು. ಆದರೆ ಕರೆಸ್ಪಾಂಡಿಂಗ್ ಆಥರ್ ನಾನೇ ಅನ್ನುವುದಕ್ಕೆ ಸಾಕ್ಷಿ ಕೊಡಬೇಕಿತ್ತು. ಹೊಸ ಲೇಖನಗಳಲ್ಲಿ ಹೆಸರಿನ ಪಕ್ಕ ನಕ್ಷತ್ರದ ಗುರುತು, ಇಮೇಲ್ ಎಲ್ಲ ಇರುತ್ತದೆ. ಹಳೆಯ ಒಂದೆರಡರಲ್ಲಿ ಇರಲಿಲ್ಲ. ಅವಕ್ಕೆ ಸಹಲೇಖಕರೆಲ್ಲ ಸಹಿ ಹಾಕಿದ ಪತ್ರ ಬೇಕು ಅಂದರು. ಒಬ್ಬರು ಜರ್ಮನಿಯಲ್ಲಿ, ಒಬ್ಬರು ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ಸಹಿ ಹಾಕಿದ ಕಾಗದದ ಫೋಟೋ ವಾಟ್ಸಾಪಿನಲ್ಲಿ ತರಿಸಿ, ಪ್ರಿಂಟ್ ತೆಗೆದು, ದೃಢೀಕರಿಸಿ ಕೊಟ್ಟೆ. ಪತ್ರಿಕೆಯಿಂದ ಲೇಖನ ಒಪ್ಪಿಕೊಂಡ ಇಮೇಲ್ ಬಂದ ದಿನವೇ ಅದನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಈ ಓಡಾಟ ಎಷ್ಟೋ ತಪ್ಪುತ್ತದೆ.

ಇನ್ನು ಆ ಮೂರನೇ ಹೆಸರಿನ ಲೇಖನ.

ನಾನು ಪಿಎಚ್‌ಡಿ ಮಾಡುತ್ತಿದ್ದಾಗ ತುಮಕೂರು ಜಿಲ್ಲೆಯ ಕೆಲವು ಕೆರೆಗಳ ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಕೆಲಸ ನಡೆದಿತ್ತು. ಕೆರೆಯಲ್ಲಿ ಕರಗಿರುವ ಆಮ್ಲಜನಕ ತೀರಾ ಕಮ್ಮಿಯಾಗುವುದು ಬೆಳಗಾಗುವ ಸ್ವಲ್ಪ ಮುಂಚೆ. ರಾತ್ರಿಯಿಡೀ ಪಾಚಿ, ಮೀನು ಎಲ್ಲವೂ ಉಸಿರಾಡಿ ಖಾಲಿ ಮಾಡಿರುತ್ತವೆ, ಸೂರ್ಯ ಬಂದ ಮೇಲೆ ತಾನೇ ಪಾಚಿ ಮತ್ತೆ ಆಮ್ಲಜನಕ ಮಾಡುವುದು. ಹಾಗಾಗಿ ಕತ್ತಲಲ್ಲೇ ಏರಿ ಮೇಲೆ ಇರಬೇಕು. ತೆಪ್ಪದಲ್ಲಿ ಕೂತು, ಗುಳ್ಳೆ ಒಂದೂ ಸೇರದ ಹಾಗೆ ಬಾಟಲಿಗೆ ನೀರು ತುಂಬಿ, ಅಲ್ಲೇ ಮ್ಯಾಂಗನೀಸ್ ಸಲ್ಫೇಟು, ಕ್ಷಾರೀಯ ಅಯೊಡೈಡು ಹಾಕಿ ಮುಚ್ಚಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ, ಇಲ್ಲದಿದ್ದರೆ ಬೆಳ್ಳಗೆ ಉಳಿಯುತ್ತದೆ. ಲ್ಯಾಬಿಗೆ ತಂದು ಆಮ್ಲ ಹಾಕಿ ಗಸಿ ಕರಗಿಸಿ, ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡುತ್ತಾ, ಒಣಹುಲ್ಲಿನ ಬಣ್ಣಕ್ಕೆ ಬಂದಾಗ ಪಿಷ್ಟದ ದ್ರಾವಣ ಹಾಕಿ, ಆ ನೀಲಿ ಪೂರ್ತಿ ಹೋಗುವವರೆಗೆ ಹನಿ ಹನಿ ಬಿಡಬೇಕು. ಒಂದು ಹನಿ ಹೆಚ್ಚಾದರೆ ರೀಡಿಂಗ್ ಹಾಳು. ಆ ಲೇಖನದ ಎಲ್ಲ ಕೋಷ್ಟಕಗಳ ಅಂಕಿಗಳೂ ಹೀಗೆ ಬಂದವು, ಅಷ್ಟೂ ಬಾಟಲಿಗಳನ್ನು ನಾನು ಕೈಯಾರೆ ಮಾಡಿದ್ದೆ.

ಲೇಖಕರು ಐದು ಜನ. ಮೊದಲನೆಯವರು ನನ್ನ ಸೀನಿಯರ್, ಲೇಖನ ಬರೆದವರು ಅವರೇ, ಆ ಜಾಗ ಅವರದ್ದೇ ನಿಜ. ಎರಡನೆಯವರು ನಕ್ಷೆ ಮಾಡಿದವರು. ಮೂರನೆಯವಳು ನಾನು. ನಾಲ್ಕನೆಯವರು ನಮ್ಮ ಗೈಡ್. ಐದನೆಯವರು ಆಗ ದೊಡ್ಡ ಸ್ಥಾನದಲ್ಲಿದ್ದ ಒಬ್ಬ ಹಿರಿಯರು. ಅವರು ಕೆರೆಗೂ ಬರಲಿಲ್ಲ, ಲ್ಯಾಬಿಗೂ ಬರಲಿಲ್ಲ, ಕರಡನ್ನು ಓದಿದ ಗುರುತೂ ನನಗೆ ಕಾಣಲಿಲ್ಲ. "ಅವರ ಹೆಸರು ಇರಲಿ, ಒಳ್ಳೇದು" ಅಂತ ಯಾರೋ ಹೇಳಿದರು, ಇತ್ತು. ಈಗ ಫೈಲಿನಲ್ಲಿ ಅಂಕ ಹಾಕುವಾಗ ನೋಡಿದರೆ 8ರಲ್ಲಿ ಶೇ. 30 ಅಂದರೆ 2.4. ನನಗೂ 2.4, ಅವರಿಗೂ 2.4. ಆ ಸಂಖ್ಯೆಯನ್ನು ಕಾಲಂನಲ್ಲಿ ಬರೆಯುವಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಅಂಕ ಕಮ್ಮಿ ಆಯಿತು ಅನ್ನುವುದಕ್ಕಿಂತ, ಆ ಎರಡು 2.4ಗಳ ನಡುವೆ ಇರುವ ವ್ಯತ್ಯಾಸವನ್ನು ಹೇಳುವುದಕ್ಕೆ ಆ ಕಾಗದದಲ್ಲಿ ಒಂದು ಗೆರೆಯಷ್ಟೂ ಜಾಗ ಇಲ್ಲವಲ್ಲ ಅಂತ.

ಹೀಗೆ ಹೆಸರು ಸೇರಿಸಬಾರದು ಅನ್ನುವುದು ಹೊಸ ಮಾತಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಕಟ್ಟಿಕೊಂಡ ಸಮಿತಿ ಒಂದಿದೆ, ಐಸಿಎಂಜೆಇ. ಇವತ್ತು ಅವರ ಪ್ರಕಾರ ಲೇಖಕರಾಗಲು ನಾಲ್ಕು ಷರತ್ತು, ನಾಲ್ಕೂ ಇರಬೇಕು. ಯೋಜನೆಯಲ್ಲೋ ಡೇಟಾದಲ್ಲೋ ಗಣನೀಯ ಪಾಲು, ಬರೆಯುವುದು ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಮತ್ತು ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡುವ ಹೊಣೆ. ಬರೀ ದುಡ್ಡು ತಂದುಕೊಟ್ಟರೆ, ಬರೀ ಮೇಲ್ವಿಚಾರಣೆ ಮಾಡಿದರೆ ಸಾಲದು. ಕೃತಜ್ಞತೆಯಲ್ಲಿ ಹೆಸರು ಹಾಕಿ ಅನ್ನುತ್ತದೆ.

ಆದರೆ ಇದೇ ನಿಯಮದ ಇನ್ನೊಂದು ಮುಖವೂ ನನಗೆ ಆಗಲೇ ಕಂಡಿದ್ದು. ನಮಗೆ ತೆಪ್ಪ ಹಾಕುತ್ತಿದ್ದ ಮೀನುಗಾರರು ಇದ್ದರಲ್ಲ, ಅವರು ಬರೀ ತೆಪ್ಪ ನಡೆಸಿದವರಲ್ಲ. "ಈ ಮೂಲೇಲಿ ಹೂಳು ಜಾಸ್ತಿ, ಮಳೆ ಬಂದ ಮಾರನೇ ದಿನ ಮೀನು ಇಲ್ಲೇ ಮೊದಲು ಸಾಯೋದು" ಅಂತ ತೂಬಿನ ಪಕ್ಕದ ಒಂದು ಜಾಗ ತೋರಿಸಿದರು. ಅಲ್ಲಿಂದ ಮಾದರಿ ತೆಗೆಯುವ ಯೋಚನೆಯೇ ನಮ್ಮ ಯೋಜನೆಯಲ್ಲಿ ಇರಲಿಲ್ಲ. ಲೇಖನದ ಮುಖ್ಯ ಫಲಿತಾಂಶ ಬಂದಿದ್ದು ಆ ಮೂಲೆಯಿಂದ. ಲೇಖನದಲ್ಲಿ ಅವರ ಬಗ್ಗೆ ಇರುವುದು 'ಸ್ಥಳೀಯ ಮೀನುಗಾರರಿಗೆ ವಂದನೆಗಳು' ಅನ್ನುವ ಒಂದು ಸಾಲು. ಹೆಸರೂ ಇಲ್ಲ.

ಒಂದು ವಿಷಯಕ್ಕೆ ಹೊಂದುವ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ ಅನ್ನುವುದನ್ನೂ ಈ ಓಡಾಟದಲ್ಲೇ ಕಲಿತೆ. ನನ್ನ ಜೊತೆಯಲ್ಲೇ ಫೈಲು ಮಾಡುತ್ತಿದ್ದ ಗಣಿತದ ಸಹೋದ್ಯೋಗಿ ಒಬ್ಬರ ಹೆಸರು ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರಗಳಿಂದ ಶುರುವಾಗುತ್ತದೆ. ಗಣಿತದಲ್ಲಿ ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಹಾಕುವುದು ರೂಢಿ, ಅರ್ಥಶಾಸ್ತ್ರದಲ್ಲೂ ಹೆಚ್ಚಾಗಿ ಹಾಗೆಯೇ. ಪ್ರಮೇಯದ ಹೊಳಹು ಪೂರ್ತಿ ಅವರದ್ದೇ ಇದ್ದರೂ ಹೆಸರು ಬರುವುದು ಕೊನೆಗೆ. ಮೂವರು ಬರೆದರೆ ಅವರಿಗೆ ಶೇ. 30. ಇನ್ನು ಕಣ ಭೌತವಿಜ್ಞಾನ. 2015ರಲ್ಲಿ ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಒಟ್ಟಿಗೆ ಬರೆದ ಲೇಖನಕ್ಕೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಲೇಖಕರ ಮತ್ತು ಸಂಸ್ಥೆಗಳ ಹೆಸರುಗಳೇ. ಅದನ್ನು ನಮ್ಮ ಕೋಷ್ಟಕಕ್ಕೆ ಹಾಕಿದರೆ ಏನಾಗುತ್ತದೆ ಅಂತ ಯೋಚಿಸಿ. ಅಷ್ಟು ದೊಡ್ಡ ಯಂತ್ರ ಕಟ್ಟಿದವರೆಲ್ಲರ ಹೆಸರು ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಹಾಕಲೇಬೇಕು. ಆದರೆ ಎಷ್ಟನೇ ಹೆಸರು ಅನ್ನುವ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ.

ನಂತರ ಬಂತು ಹೆಸರಿನ ಗೋಳು. ಕನ್ನಡದವರಿಗೆ, ಅದರಲ್ಲೂ ಹಳೇ ಮೈಸೂರು ಕಡೆಯವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ನಮಗೆ ಮನೆತನದ ಹೆಸರು ಅಂತ ಇಲ್ಲ. ಊರಿನ ಇನಿಷಿಯಲ್ಲು, ಅಪ್ಪನ ಇನಿಷಿಯಲ್ಲು, ಆಮೇಲೆ ನನ್ನ ಹೆಸರು. ಪತ್ರಿಕೆಗಳ ಅರ್ಜಿಯಲ್ಲಿ 'ಮೊದಲ ಹೆಸರು', 'ಕೊನೆಯ ಹೆಸರು' ಅಂತ ಎರಡು ಡಬ್ಬಿ, ಎರಡನ್ನೂ ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಒಂದು ಪತ್ರಿಕೆಯಲ್ಲಿ ನಮ್ಮೂರೇ ನನ್ನ ಮನೆತನದ ಹೆಸರಾಯಿತು. ಇನ್ನೊಂದರಲ್ಲಿ ಅಪ್ಪನ ಹೆಸರು. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿದ್ದ ಹಾಗೆ ಕೊಟ್ಟಿದ್ದರಿಂದ ಮುಂದಿನ ಲೇಖನಗಳಲ್ಲಿ ಗಂಡನ ಹೆಸರು. ಫೈಲಿಗೆ ಬೇಕು ಅಂತ ದೊಡ್ಡ ಡೇಟಾಬೇಸ್ ಒಂದರಲ್ಲಿ ಹುಡುಕಿದರೆ ನಾನು ಮೂರು ಬೇರೆ ಬೇರೆ ಮನುಷ್ಯರಾಗಿ ಹಂಚಿಹೋಗಿದ್ದೆ.

ಇದರಿಂದ ಎಚ್-ಇಂಡೆಕ್ಸ್ ಕೂಡ ಒಡೆದುಹೋಗುತ್ತದೆ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಅಳತೆ ಅದು. ಕನಿಷ್ಠ 5 ಸಲವಾದರೂ ಉಲ್ಲೇಖಗೊಂಡ 5 ಲೇಖನ ನಿಮ್ಮದಿದ್ದರೆ ಸೂಚ್ಯಂಕ 5. ಈಗ ಒಂದು ಹೆಸರಿನ ಕೆಳಗೆ 9, 6, 2 ಸಲ ಉಲ್ಲೇಖವಾದ ಮೂರು ಲೇಖನ ಇವೆ ಅನ್ನಿ, ಅಲ್ಲಿ ಸೂಚ್ಯಂಕ 2. ಇನ್ನೊಂದು ಹೆಸರಿನ ಕೆಳಗೆ 7, 5, 1. ಅಲ್ಲೂ 2. ಎರಡೂ ಒಬ್ಬರೇ ಅಂತ ಸೇರಿಸಿದರೆ ಸೂಚ್ಯಂಕ 4 ಆಗುತ್ತದೆ. ಮಾಡಿದ ಕೆಲಸ ಒಂದು ಅಕ್ಷರವೂ ಬದಲಾಗಿಲ್ಲ, ಹೆಸರು ಜೋಡಿಸಿದ್ದಕ್ಕೆ ದುಪ್ಪಟ್ಟು. ಬಡ್ತಿಯ ಕೋಷ್ಟಕದಲ್ಲಿ ಇದಕ್ಕೆ ಅಂಕ ಇಲ್ಲ, ಆದರೆ ಪ್ರಾಜೆಕ್ಟ್ ಅರ್ಜಿಯಿಂದ ಹಿಡಿದು ಬಯೋಡೇಟಾದವರೆಗೆ ಎಲ್ಲರೂ ಕೇಳುತ್ತಾರೆ. ಇನ್ನೊಂದು ಮಾತು, ಈ ಸೂಚ್ಯಂಕ ಹೆಸರಿನ ಜಾಗವನ್ನೂ ನೋಡುವುದಿಲ್ಲ, ಲೇಖಕರ ಸಂಖ್ಯೆಯನ್ನೂ ನೋಡುವುದಿಲ್ಲ. ಒಬ್ಬರೇ ಬರೆದರೂ ಒಂದು, 5,154 ಜನರಲ್ಲಿ ಒಬ್ಬರಾದರೂ ಒಂದು.

ಸಹಾಯ ಮಾಡಿದ್ದು ನಮ್ಮ ಲೈಬ್ರರಿಯವರು. ಅವರು ಓದಿದ್ದು ಬೆಂಗಳೂರಿನ ಡಿಆರ್‌ಟಿಸಿಯಲ್ಲಿ, ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಶುರುಮಾಡಿದ ಗ್ರಂಥಾಲಯ ವಿಜ್ಞಾನದ ಸಂಸ್ಥೆ. "ಮೇಡಂ, ಎಸ್ ಅಂದ್ರೆ ಶಿಯಾಳಿ, ಅವರ ಊರು. ಆರ್ ಅಂದ್ರೆ ರಾಮಾಮೃತ, ಅವರ ತಂದೆ. ನಮ್ಮ ಕಸುಬಿನ ದೊಡ್ಡವರ ಹೆಸರೇ ಹೀಗಿದೆ, ನಿಮ್ಮದಕ್ಕೆ ನಮಗೇನು ಗಾಬರಿ ಇಲ್ಲ" ಅಂದರು. ಮೊದಲು ಆರ್ಕಿಡ್ ಐಡಿ ಮಾಡಿಸಿದರು. ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತು, ಪುಕ್ಕಟೆ, 2012ರಿಂದ ಇದೆ. ಅದರಲ್ಲಿ ನನ್ನ ಹೆಸರಿನ ಎಲ್ಲ ರೂಪಗಳನ್ನೂ ಬರೆದು, ಒಂದೊಂದು ಲೇಖನದ ಡಿಒಐ (ಲೇಖನದ ಶಾಶ್ವತ ಗುರುತಿನ ಸಂಖ್ಯೆ) ಜೋಡಿಸಿ, ಆಮೇಲೆ ಡೇಟಾಬೇಸಿನವರಿಗೆ ಮೂರೂ ಖಾತೆ ಸೇರಿಸಿ ಅಂತ ಮನವಿ ಕಳಿಸಿದೆವು. ಒಂದು ಸಲಕ್ಕೆ ಆಗಲಿಲ್ಲ. ಗಂಡನ ಹೆಸರಿನ ಖಾತೆಯಲ್ಲಿ ಬೇರೆ ಯಾರದೋ ದಂತವೈದ್ಯದ ಲೇಖನಗಳು ಸೇರಿಕೊಂಡಿದ್ದವು, ಅವನ್ನು ತೆಗೆಸಬೇಕಾಯಿತು. ನನ್ನದಲ್ಲದ ಉಲ್ಲೇಖಗಳು ನನ್ನ ಲೆಕ್ಕದಲ್ಲಿ ಇರುವುದು ನನಗೆ ಬೇಡ. ಪಿಎಚ್‌ಡಿ ಸೇರಿದ ವಾರವೇ ಈ ಐಡಿ ಮಾಡಿಕೊಳ್ಳಿ. ಹೆಸರಿನ ಒಂದು ರೂಪ ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಡಿಯಿರಿ, ಹೆಣ್ಣುಮಕ್ಕಳಂತೂ ಮದುವೆಯಾದರೂ ಲೇಖನದ ಹೆಸರು ಬದಲಾಯಿಸಬೇಡಿ.

ಇದೆಲ್ಲ ನಡೆಯುತ್ತಿರುವಾಗಲೇ ನಮ್ಮ ಹೊಸ ಲೇಖನ ಒಂದನ್ನು ಪತ್ರಿಕೆಗೆ ಕಳಿಸುವ ಹೊತ್ತು ಬಂತು. ಆ ಪತ್ರಿಕೆ ಯಾರು ಏನು ಮಾಡಿದರು ಅನ್ನುವ ಹೇಳಿಕೆ ಕೊಡಲೇಬೇಕು ಅನ್ನುತ್ತದೆ. ಕ್ರೆಡಿಟ್ ಅನ್ನುವ ಪಟ್ಟಿ, ಒಟ್ಟು 14 ಪಾತ್ರಗಳು. ಯೋಚನೆ, ವಿಧಾನ, ಪ್ರಯೋಗ, ಡೇಟಾ ನೋಡಿಕೊಳ್ಳುವುದು, ವಿಶ್ಲೇಷಣೆ, ಸಾಫ್ಟ್‌ವೇರ್, ಚಿತ್ರ ನಕ್ಷೆ, ಮೊದಲ ಕರಡು, ತಿದ್ದುವುದು, ಮೇಲ್ವಿಚಾರಣೆ, ದುಡ್ಡು ತರುವುದು, ಹೀಗೆ. 2022ರಲ್ಲಿ ಇದು ಅಮೆರಿಕದ ಅಧಿಕೃತ ಮಾನದಂಡವೂ ಆಯಿತು. ಯಾರು ಲೇಖಕರು ಅಂತ ಈ ಪಟ್ಟಿ ತೀರ್ಮಾನಿಸುವುದಿಲ್ಲ. ಯಾರು ಏನು ಮಾಡಿದರು ಅನ್ನುವುದನ್ನು ಮಾತ್ರ ಬರೆಸಿಕೊಳ್ಳುತ್ತದೆ. ಅಷ್ಟೇ ಸಾಕು, ಮೇಜಿನ ಸುತ್ತ ಕೂತವರ ಮಾತೇ ಬದಲಾಗುತ್ತದೆ.

ನಾನು, ನನ್ನ ವಿದ್ಯಾರ್ಥಿನಿ, ಅಂಕಿಅಂಶ ನೋಡಿಕೊಟ್ಟ ಸಹೋದ್ಯೋಗಿ ಕೂತು ಪಟ್ಟಿ ತುಂಬತೊಡಗಿದೆವು. 'ಪ್ರಯೋಗ' ಅನ್ನುವ ಸಾಲಿಗೆ ಬಂದಾಗ ವಿದ್ಯಾರ್ಥಿನಿ ಪೆನ್ನು ನಿಲ್ಲಿಸಿದಳು. "ಮೇಡಂ, ಫಾಸ್ಫೇಟ್, ನೈಟ್ರೇಟ್ ಎಲ್ಲ ಅರ್ಧಕ್ಕಿಂತ ಜಾಸ್ತಿ ಅಣ್ಣನೇ ಮಾಡಿದ್ದು. ಇಲ್ಲಿ ಬರೀ ನನ್ನ ಹೆಸರು ಬರೆದ್ರೆ ಸುಳ್ಳಾಗುತ್ತೆ." ಅಣ್ಣ ಅಂದರೆ ನಮ್ಮ ಲ್ಯಾಬ್ ಟೆಕ್ನಿಷಿಯನ್. ಕೃತಜ್ಞತೆಯಲ್ಲಿ ಹಾಕಿ ಮುಗಿಸುವುದು ರೂಢಿ. ಆದರೆ ಐಸಿಎಂಜೆಇ ನಿಯಮದಲ್ಲೇ ಒಂದು ಮಾತಿದೆ, ಬಹಳ ಜನ ಅದನ್ನು ಓದುವುದಿಲ್ಲ. ಮೊದಲ ಷರತ್ತು ಪೂರೈಸಿದವರಿಗೆ ಕರಡು ಓದುವ, ತಿದ್ದುವ, ಒಪ್ಪುವ ಅವಕಾಶ ಕೊಡಬೇಕು. ಅವಕಾಶವನ್ನೇ ಕೊಡದೆ 'ನೀವು ಬರೆಯಲಿಲ್ಲ, ಅದಕ್ಕೆ ಲೇಖಕರಲ್ಲ' ಅನ್ನುವ ಹಾಗಿಲ್ಲ.

ಕರಡನ್ನು ಅವರ ಕೈಗೆ ಕೊಟ್ಟೆ. "ನನ್ ಹೆಸ್ರು ಯಾಕೆ ಬಿಡಿ ಮೇಡಂ, ಥ್ಯಾಂಕ್ಸ್ ಅಂತ ಹಾಕ್ತೀರಲ್ಲ, ಸಾಕು" ಅಂದರು. ಓದಿ ಹೇಳಿ ಅಂತ ಒತ್ತಾಯ ಮಾಡಿದೆ. ಇಂಗ್ಲಿಷಿನಲ್ಲಿ ತೊಡಕಾದ ಕಡೆ ವಿದ್ಯಾರ್ಥಿನಿ ಕನ್ನಡದಲ್ಲಿ ಹೇಳಿದಳು. ಕೆಲವು ದಿನ ಬಿಟ್ಟು ಲಾಗ್ ಬುಕ್ ಹಿಡಿದುಕೊಂಡು ಬಂದರು. "ಜುಲೈ ತಿಂಗಳ ಫಾಸ್ಫೇಟ್ ರೀಡಿಂಗು ಗ್ರಾಫಲ್ಲಿ ಸೇರ್ಸಿದೀರಿ. ಆವತ್ತು ರಾತ್ರಿಯೆಲ್ಲ ಕರೆಂಟಿರ್ಲಿಲ್ಲ, ಫ್ರಿಜ್ ಆಫ್ ಆಗಿತ್ತು. ಆ ಸ್ಯಾಂಪಲ್ ನಂಬಂಗಿಲ್ಲ ಅಂತ ಬರ್ದಿಟ್ಟಿದೀನಿ ನೋಡಿ." ಅವರ ಕೈಬರಹದಲ್ಲಿ ದಿನಾಂಕ, ಗಂಟೆ ಎಲ್ಲ ಇತ್ತು. ಆ ಬಿಂದುಗಳನ್ನು ತೆಗೆದು ಗ್ರಾಫ್ ಮತ್ತೆ ಮಾಡಿದೆವು, ಚರ್ಚೆಯ ಒಂದು ಪ್ಯಾರಾ ಬದಲಾಯಿತು. ಕರಡು ತಿದ್ದುವುದು ಅಂದರೆ ಇದೇ ತಾನೇ? ಲೇಖನ ಅವರ ಹೆಸರಿನೊಂದಿಗೆ ಪ್ರಕಟವಾಯಿತು. ಪ್ರಯೋಗ, ಡೇಟಾ ಪರಿಶೀಲನೆ, ಕರಡು ತಿದ್ದುವಿಕೆ ಅಂತ ಮೂರು ಪಾತ್ರ ಅವರ ಹೆಸರಿನ ಮುಂದೆ ಇವೆ. ಮಾದರಿ ಜಾಗಗಳನ್ನು ತೋರಿಸಿದ ಮೀನುಗಾರರ ಹೆಸರನ್ನು ಈ ಸಲ ಅವರ ಒಪ್ಪಿಗೆ ಕೇಳಿ, ಯಾವ ಜಾಗ ತೋರಿಸಿದರು ಅನ್ನುವುದರ ಸಮೇತ ಕೃತಜ್ಞತೆಯಲ್ಲಿ ಬರೆದೆವು.

ಸಂದರ್ಶನದ ದಿನ ಆಯ್ಕೆ ಸಮಿತಿಯವರು ಒಟ್ಟು ಅಂಕ ನೋಡಿದರು, 70 ದಾಟಿದೆ, ಸರಿ ಅಂದರು. ಪಾಠದ ಬಗ್ಗೆ ಎರಡು ಪ್ರಶ್ನೆ, ಕೆರೆಯ ಬಗ್ಗೆ ಒಂದು ಕೇಳಿದರು. ಪಾತ್ರಗಳ ಹೇಳಿಕೆಯನ್ನು ನಾನು ಪ್ರತಿ ಲೇಖನದ ಹಿಂದೆ ಲಗತ್ತಿಸಿದ್ದೆ, ನಮೂನೆಯಲ್ಲಿ ಕೇಳದಿದ್ದರೂ. ಒಬ್ಬರು ಮಾತ್ರ ಅದನ್ನು ತಿರುವಿ ಓದಿದರು. ಬಡ್ತಿ ಆದೇಶ ಬಂತು. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮದಲ್ಲಿ ಈ ಅಂಕದ ಕೋಷ್ಟಕ ಬಿಟ್ಟು 'ಗಮನಾರ್ಹ ಕೊಡುಗೆ'ಗಳನ್ನು ನೋಡುವ ಮಾತಿದೆ. ಕೊಡುಗೆ ಅಂತ ಬರೆದ ಮೇಲೆ ಯಾರು ಏನು ಮಾಡಿದರು ಅಂತ ಕೇಳುವ ಒಂದು ಕಾಲಂ ಅದರಲ್ಲಿ ಇರಲೇಬೇಕು. ಇಲ್ಲದಿದ್ದರೆ ಅಂಕ ಹೋಗಿ ಶಿಫಾರಸು ಬರುತ್ತದೆ ಅಷ್ಟೇ, ಆ ಐದನೇ ಹೆಸರಿನವರಿಗೆ ಅದು ಇನ್ನೂ ಸುಲಭ.

ಟೆಕ್ನಿಷಿಯನ್ ಅವರ ಹುದ್ದೆಯ ಬಡ್ತಿಗೆ ಲೇಖನದ ಲೆಕ್ಕವೇ ಇಲ್ಲ. ಅವರ ಸರ್ವೀಸ್ ರಿಜಿಸ್ಟರಿನಲ್ಲಾದರೂ ಈ ಲೇಖನವನ್ನು ನಮೂದಿಸಿ ಅಂತ ಕುಲಸಚಿವರಿಗೆ ಅರ್ಜಿ ಕೊಟ್ಟಿದ್ದೇನೆ, ಪಾತ್ರಗಳ ಹೇಳಿಕೆಯ ಪ್ರತಿಯನ್ನೂ ಲಗತ್ತಿಸಿ. ಅಂಥ ಪದ್ಧತಿ ಇಲ್ಲ ಅಂತ ಸೆಕ್ಷನ್ನಿನವರು ಬಾಯಿಮಾತಲ್ಲಿ ಹೇಳಿದರು. ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದ್ದೇನೆ.